ಕರಿಬೇವಿಗೆ ಮೆದು ನೀರು

ಕಳೆದ ಸೋಮವಾರ ದಾವಣಗೆರೆಯ ಸರಸ್ವತಿ ನಗರದಲ್ಲಿ, ನಾನು ಬಾಡಿಗೆಗಿರುವ ಮನೆಯ ಅಂಗಳದ ಕರಿಬೇವಿನ ಗಿಡ ಪೂರ್ತಿ ಒಣಗಿತು. ಒಣಗಿಸಿದ್ದು ನಾನು.

ಕುಂದಾಪುರದಿಂದ ಬಂದ ದಿನ ಮನೆಯೊಡತಿ ಗಂಗಮ್ಮ, "ಬೋರಿನ ನೀರು ಉಪ್ಪು ಐತೆ, ಕುಡಿಬ್ಯಾಡ್ರಿ" ಎಂದಾಗ ಬೆರಗಾಗಿದ್ದೆ. ನಮ್ಮೂರಲ್ಲಿ ಉಪ್ಪುನೀರೆಂದರೆ ಸಮುದ್ರದ್ದು. ಇಲ್ಲಿ ಅದು ಗಡಸು ನೀರು, ಪಾತ್ರೆಗೆ ಬಿಳಿ ಪೊರೆ ಕಟ್ಟುವಂಥದ್ದು.

ಊರಿಂದ ತಂದ ಸಾಕುಮೀನುಗಳಿಗೆ ಅದು ಒಗ್ಗಲಿಲ್ಲ. ಗಡಸು ತೆಗೆಯುವ ಸಾಫ್ಟನರ್ ಹಾಕಿಸಿ, ಆ ಮೆದು ನೀರನ್ನು ಆರ್‌ಒ ಯಂತ್ರಕ್ಕೆ ಕೊಟ್ಟೆ. ಶುದ್ಧ ನೀರು ಮೀನಿನ ತೊಟ್ಟಿಗೆ. ಇನ್ನೊಂದು ನಳಿಕೆಯ ಉಳಿಕೆ ನೀರು ಬಕೆಟ್ಟಿಗೆ. "ಮೆದು ನೀರಮ್ಮ, ಚೆಲ್ಲುವುದು ಯಾಕೆ?" ಎಂದು ಗಂಗಮ್ಮನವರಿಗೆ ಹೇಳಿ ದಿನವೂ ಕರಿಬೇವಿಗೆ ಸುರಿದೆ. ಬೀದಿಯವರ ಮಂಡಕ್ಕಿ ಒಗ್ಗರಣೆಗೆಲ್ಲ ಎಲೆ ಕೊಡುತ್ತಿದ್ದ ಗಿಡ ಅದು.

ಸೋಮವಾರ ಗಂಗಮ್ಮ ಎದುರು ಮನೆಯ ನಸೀಮಾ ಅವರನ್ನು ಹಿಡಿದು ನಿಲ್ಲಿಸಿದರು.

"ದೀಪ ಹಚ್ಚಿದ ಮ್ಯಾಲೆ ಎಲೆ ಕೀಳಬ್ಯಾಡ ಅಂತ ಎಷ್ಟ್ ಸಲ ಹೇಳೀನಿ? ನೋಡೀಗ!"

"ಈ ಬೀದ್ಯಾಗೆ ಹುಟ್ಟಿದೋಳು ನಾನು, ಗಂಗಕ್ಕ. ಈ ಗಿಡಕ್ಕೆ ಗುಂಡಿ ತೆಗೆದಿದ್ದು ಯಾರು? ನನ್ ಕೈ ಅದಕ್ಕೆ ಇವತ್ತು ವಿಷ ಆಯ್ತಾ?"

ನಾನು ಬಕೆಟ್ ಹಿಡಿದು ಮೆಟ್ಟಿಲ ಮೇಲಿದ್ದೆ. ಅನುಮಾನ ಬಂದು ಬೆರಳದ್ದಿ ನಾಲಿಗೆಗಿಟ್ಟೆ. ನಮ್ಮೂರ ಅರ್ಥದ ಉಪ್ಪುನೀರು.

ಹರಿಹರದ ಪಕ್ಕದ ಗುತ್ತೂರಿನ ಕಾರ್ಖಾನೆಯೊಂದರಲ್ಲಿ ಬಾಯ್ಲರಿನ ನೀರು ನೋಡಿಕೊಳ್ಳುವುದೇ ನನ್ನ ಕೆಲಸ. ಸಾಫ್ಟನರ್ ಸುಣ್ಣದಂಶ ತೆಗೆದು ಅದರ ಜಾಗಕ್ಕೆ ಉಪ್ಪಿನಂಶ ಬಿಡುತ್ತದೆ. ಆರ್‌ಒ ಅದನ್ನು ಸೋಸಿ, ಉಳಿಕೆ ನೀರಿನಲ್ಲಿ ಒಟ್ಟುಗೂಡಿಸುತ್ತದೆ. ಕಾರ್ಖಾನೆಯಲ್ಲಿ ಅಂಥ ನೀರನ್ನು ತೋಟಕ್ಕೆ ಬಿಡಲು ನಾನೇ ಒಪ್ಪುವುದಿಲ್ಲ. ಮನೆಯಲ್ಲಿ ಮೀನಿನ ತೊಟ್ಟಿಗೆ ಹೋಗುವ ನೀರನ್ನಷ್ಟೇ ಪರೀಕ್ಷಿಸಿದ್ದೆ.

ಆಗಲೇ ಇಳಿದು ಹೇಳಬೇಕಿತ್ತು. ಬಕೆಟ್ಟನ್ನು ಒಳಗೆ ತಂದಿಟ್ಟು ಬಾಗಿಲು ಹಾಕಿಕೊಂಡೆ.

ಮರುದಿನ ಹೇಳಿದಾಗ ಗಂಗಮ್ಮ ನಕ್ಕುಬಿಟ್ಟರು. "ಸಮುದ್ರದ ಕಡೆಯೋರಲ್ರಿ, ಉಪ್ಪು ಜೊತಿಗೇ ತಂದೀರಿ! ಹೋಗ್ಲಿ ಬಿಡ್ರಿ, ಹೊರಗಿನೋರಿಗೆ ಹೆಂಗೆ ಗೊತ್ತಾಗ್ಬೇಕು?"

ಹೊರಗಿನವನೆಂದು ನನಗೆ ಕ್ಷಮೆ. ಬೀದಿಯಲ್ಲೇ ಹುಟ್ಟಿದವರಿಗೆ ಆರೋಪ. ಊರಿಗೆ ಫೋನ್ ಮಾಡುವಾಗ "ನಮ್ಮ ದಾವಣಗೆರೆ" ಎನ್ನಲು ಕಲಿತಿದ್ದೆ. ಈ ವಾರ ಆ ಮಾತು ಬಾಯಿಗೆ ಬರಲಿಲ್ಲ.

ನಸೀಮಾ ಅವರ ಮನೆಗೂ ಹೋಗಿ ತಪ್ಪೊಪ್ಪಿಕೊಂಡೆ. ಬಾಗಿಲಲ್ಲೇ ನಿಂತು ಪೂರ್ತಿ ಕೇಳಿದರು.

"ನೀವು ಹೇಳಿದ್ರಿ, ಆಯ್ತು. ಗಂಗಕ್ಕ ಬಂದು ಹೇಳ್ಲಿ."

ಗಂಗಮ್ಮ ಹೊಸ ಕರಿಬೇವಿನ ಸಸಿ ತಂದು ಅಂಗಳದಲ್ಲಿಟ್ಟಿದ್ದಾರೆ. ಗುಂಡಿಯನ್ನು ಇನ್ನೂ ಯಾರೂ ತೆಗೆದಿಲ್ಲ.