ಬೆರಳಿಗೆ ಸಿಕ್ಕಿದ ಗೀರು

ನನ್ನ ಗಂಡ ಕಣ್ಣು ಕಳೆದುಕೊಂಡದ್ದು ಅರವತ್ತರ ದಶಕದ ಮೊದಲ ವರ್ಷಗಳಲ್ಲಿ, ಗಿರಾಕಿಯೊಬ್ಬರ ಕಾರಿನ ಕುದಿಯುತ್ತಿದ್ದ ರೇಡಿಯೇಟರಿನ ಮುಚ್ಚಳ ತೆರೆಯಲು ಹೋಗಿ. ಆ ಕಾರಿನ ಇಂಜಿನ್ನಿಗೆ ಅವರೇ ಹೊಸ ಹೆಡ್ ಗ್ಯಾಸ್ಕೆಟ್ ಹಾಕಿ ಒಂದು ವಾರವಾಗಿತ್ತಷ್ಟೆ. ಇಂಜಿನ್ನಿನ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವೆ ಇಡುವ ತಾಮ್ರದ ತೆಳು ಹಾಳೆ ಅದು. ಅದು ಸುಟ್ಟುಹೋದರೆ ಸಿಲಿಂಡರಿನ ಬೆಂಕಿ ನೀರಿನ ದಾರಿಗೆ ನುಗ್ಗುತ್ತದೆ. ಕಾರು ಹೊಗೆ ಕಾರುತ್ತಾ ವಾಪಸು ಬಂತು. ಇವರು ಸಿಟ್ಟಿನಲ್ಲಿ ಮುಚ್ಚಳ ತಿರುಗಿಸಿದರು. ನೀರು ಮುಖಕ್ಕೆ ಹಾರಿತು.

ಫಳ್ನೀರಿನ ಒಂದು ಆಸ್ಪತ್ರೆಯಲ್ಲಿ ಎರಡು ತಿಂಗಳು ಮಲಗಿದ್ದರು. ಬಲಗಣ್ಣು ಪೂರ್ತಿ ಹೋಯಿತು. ಎಡಗಣ್ಣಿಗೆ ಬೆಳಕು ಯಾವುದು, ಕತ್ತಲೆ ಯಾವುದು ಎಂದಷ್ಟೇ ತಿಳಿಯುತ್ತಿತ್ತು. ನೋಡಲು ಬಂದವರಿಗೆಲ್ಲ ಅವರು ಒಂದೇ ಮಾತು ಹೇಳುತ್ತಿದ್ದರು: "ಗ್ಯಾಸ್ಕೆಟ್ ಸರಿ ಇರ್ಲಿಲ್ಲ. ಹಳೇ ಮಾಲು ಕೊಟ್ಟ." ಕೊಟ್ಟವರು ಬಂದರಿನ ಹತ್ತಿರ ಬಿಡಿಭಾಗಗಳ ಅಂಗಡಿ ಇಟ್ಟಿದ್ದವರು, ಇವರ ಬಾಲ್ಯದ ಗೆಳೆಯ. ಬೇರೆ ಗ್ಯಾರೇಜಿನಲ್ಲಿ ಬಿಚ್ಚಿಸಿ ತೆಗೆದ ಸುಟ್ಟ ಗ್ಯಾಸ್ಕೆಟನ್ನು ಕಾರಿನ ಮಾಲೀಕರ ಕೈಯಲ್ಲಿ ಆ ಅಂಗಡಿಗೇ ಕಳಿಸಿದರು. ಆ ಗೆಳೆಯ ಮೂಸಂಬಿ ಹಿಡಿದುಕೊಂಡು ಆಸ್ಪತ್ರೆಗೆ ಬಂದಾಗ ಇವರು ಗೋಡೆಯ ಕಡೆ ಮುಖ ತಿರುಗಿಸಿದರು. ಆಮೇಲೆ ಮೂರು ವರ್ಷ ಇಬ್ಬರಿಗೂ ಮಾತಿರಲಿಲ್ಲ.

ಜೆಪ್ಪುವಿನ ನಮ್ಮ ಮನೆಯ ಪಕ್ಕದಲ್ಲೇ ಗ್ಯಾರೇಜು. ಒಂದು ವರ್ಷ ಅದಕ್ಕೆ ಬೀಗ ಬಿದ್ದಿತ್ತು. ನಾನು ಶಾಲೆಯಲ್ಲಿ ಚಿಕ್ಕ ತರಗತಿಗಳಿಗೆ ಕನ್ನಡ ಕಲಿಸುತ್ತಿದ್ದೆ. ಮನೆಯಲ್ಲಿ ನಾವಾಡುವುದು ಕೊಂಕಣಿ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಿಧಾನವಾಗಿ ಜನ ಮತ್ತೆ ಬರತೊಡಗಿದರು. ಇವರು ಇಂಜಿನ್ನಿನ ಸದ್ದು ಕೇಳಿ ದೋಷ ಹೇಳುತ್ತಿದ್ದರು. ಶಾಲೆ ಬಿಟ್ಟ ಮೇಲೆ ನಾನು ಸ್ಪ್ಯಾನರ್ ಎತ್ತಿಕೊಡುತ್ತಿದ್ದೆ. ಆಮೇಲೆ ಸ್ಪ್ಯಾನರ್ ನನ್ನ ಕೈಯಲ್ಲೇ ಉಳಿಯಿತು. ಹೆಂಗಸು ಗ್ರೀಸಿನಲ್ಲಿ ಕೈಯಾಡಿಸುವುದನ್ನು ನೋಡಲು ಕೆಲವರು ಬೇಲಿಯ ಆಚೆ ನಿಲ್ಲುತ್ತಿದ್ದರು. ಸ್ವಲ್ಪ ದಿನದಲ್ಲಿ ಅವರಿಗೂ ಬೇಸರ ಬಂತು.

ಒಂದು ಬೇಸಿಗೆ ರಜೆಯಲ್ಲಿ ಹಂಚು ಸಾಗಿಸುವ ಲಾರಿಯೊಂದು ಬಂತು. ಅದರ ಮಾಲೀಕರೇ ಡ್ರೈವರ್. ತುಳು ಮಾತಾಡುವ, ಗಟ್ಟಿ ಮೈಯ ಮನುಷ್ಯ. ನಂತೂರಿನ ಏರಿನಲ್ಲಿ ಬಿಳಿ ಹೊಗೆ ಬಂದು ಲಾರಿ ನಿಂತಿತ್ತಂತೆ. ಇವರು ಎಣ್ಣೆಯ ಕಡ್ಡಿಯನ್ನು ಎಳೆದು ಬೆರಳಲ್ಲಿ ಉಜ್ಜಿ ನೋಡಿದರು.

"ಎಣ್ಣೆಗೆ ನೀರು ಸೇರಿದೆ. ಗ್ಯಾಸ್ಕೆಟ್ ಹೋಗಿದೆ" ಎಂದರು.

ಲಾರಿಯವರು ನನ್ನ ಕಡೆ ನೋಡಿದರು. "ಟೀಚರಿಂದ ಆಗ್ತದಾ ಮೇಸ್ತ್ರಿ, ಇಷ್ಟು ದೊಡ್ಡ ಕೆಲಸ?"

"ಆಗ್ತದೆ. ನಾನು ಇದ್ದೇನಲ್ಲ."

ಮೂವರೂ ಸೇರಿ ಹೆಡ್ ಎತ್ತಿ ಬೆಂಚಿನ ಮೇಲೆ ಇಟ್ಟೆವು. ಹಳೆಯ ಗ್ಯಾಸ್ಕೆಟಿನ ಚೂರುಗಳು ಬ್ಲಾಕಿನ ಮೇಲೆ ಕರಕಲಾಗಿ ಅಂಟಿದ್ದವು. ಅವನ್ನು ತೆಗೆದು ಮೇಲ್ಮೈಯನ್ನು ಹಸನು ಮಾಡುವುದು ನನ್ನ ಪಾಲಿನ ಕೆಲಸ. ಇವರು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಹೇಳುತ್ತಾ ಹೋದರು.

"ಮೊದಲು ಸಿಲಿಂಡರಿಗೂ ನೀರಿನ ತೂತಿಗೂ ಬಟ್ಟೆ ತುರುಕು. ಒಂದು ಚೂರೂ ಒಳಗೆ ಬೀಳ್ಬಾರ್ದು. ಮರಳುಕಾಗದ ಮುಟ್ಟಬೇಡ, ಅದರ ಪುಡಿ ಇಂಜಿನನ್ನು ತಿಂದು ಹಾಕ್ತದೆ. ಕೆರೆಯುವಾಗ ಅಲಗನ್ನು ಮಲಗಿಸಿ ತಳ್ಳು. ಒತ್ತಬೇಡ."

ಎರಡು ಗಂಟೆ ಹಾಗೇ ಕೆರೆದೆ. ಸೀಮೆಎಣ್ಣೆ ಹಾಕಿ ನೆನೆಸುವುದು, ಕೆರೆಯುವುದು, ಒರೆಸುವುದು. ಎರಡನೆಯ ಮತ್ತು ಮೂರನೆಯ ಸಿಲಿಂಡರಿನ ನಡುವೆ ಒಂದು ಚೂರು ಬಿಡಲೇ ಇಲ್ಲ. ತೋಳು ನೋಯುತ್ತಿತ್ತು. ಅಲಗನ್ನು ಎತ್ತಿ ಮೂಲೆಯಿಂದ ಒತ್ತಿದೆ. ಚೂರು ಹಾರಿತು; ಅದರ ಹಿಂದೆಯೇ ಅಲಗು ಕಬ್ಬಿಣದ ಮೇಲೆ ಕಿರ್ ಎಂದು ಜಾರಿತು.

ಬೆಳ್ಳಗಿನ ಗೀರು. ಅರ್ಧ ಬೆರಳಿನಷ್ಟು ಉದ್ದ.

ಕೆಲಸ ಮುಗಿದ ಮೇಲೆ ಇವರು ಎದ್ದು ಬಂದು ಬ್ಲಾಕಿನ ಮೇಲೆ ಅಂಗೈ ಇಟ್ಟು, ಆಮೇಲೆ ತೋರುಬೆರಳನ್ನು ಮೆಲ್ಲನೆ ಎಳೆಯುತ್ತಾ ಹೋದರು. ಬೆರಳು ಅಲ್ಲಿಗೆ ಬಂದು ನಿಂತಿತು. ಉಗುರನ್ನು ಅಡ್ಡ ಎಳೆದು ನೋಡಿದರು.

"ಇದೆಂತದು? ಹಳೆಯದಾ?"

"ಹೌದು. ಮೊದಲೇ ಉಂಟು" ಅಂದೆ.

ಅವರು ಇನ್ನೊಮ್ಮೆ ಉಗುರು ಎಳೆದರು. "ಸರಿ" ಎಂದು ಹೇಳಿ ಕೈ ಒರೆಸಿಕೊಂಡು ಒಳಗೆ ಹೋದರು.

ಮದುವೆಯಾಗಿ ಒಂಬತ್ತು ವರ್ಷದಲ್ಲಿ ಅವರಿಗೆ ಸುಳ್ಳು ಹೇಳಿದ್ದು ಅದೇ ಮೊದಲು. ಅದೂ ನೋಡಲಾಗದ ಮನುಷ್ಯನಿಗೆ, ಅವರೆದುರೇ ನಿಂತು. ಮರುದಿನ ಮಧ್ಯಾಹ್ನ ಊಟಕ್ಕೆ ಬಡಿಸುವಾಗ ತಡೆಯಲಾಗಲಿಲ್ಲ.

"ಆ ಗೀರು ಹಳೆಯದಲ್ಲ. ನಾನು ಒತ್ತಿದ್ದು."

"ಗೊತ್ತುಂಟು" ಎಂದರು. "ಹಳೆ ಗೀರಲ್ಲಿ ಮಸಿ ತುಂಬಿರ್ತದೆ. ಇದರ ಅಂಚು ಉಗುರಿಗೆ ಚುಚ್ಚಿತು."

"ಮತ್ತೆ ನಿನ್ನೆ ಯಾಕೆ ಸುಮ್ಮನಿದ್ರಿ?"

ಅವರು ತಟ್ಟೆಯಿಂದ ಕೈ ತೆಗೆದರು. ಆಮೇಲೆ ಹೇಳಿದರು: "ಬೈಯುವುದಕ್ಕೆ ಬಾಯಿ ಬರ್ಲಿಲ್ಲ. ಆ ಕಾರಿನ ಗ್ಯಾಸ್ಕೆಟ್ ಸರಿಯೇ ಇತ್ತು. ಮಾರನೇ ದಿನ ಹಬ್ಬ, ನನಗೆ ಅವಸರ. ಬ್ಲಾಕಿನ ಹಿಂದಿನ ಮೂಲೆ ಕೆರೆಯಲಿಲ್ಲ. ಅಲ್ಲಿ ಚೂರು ಉಂಟು ಅಂತ ಗೊತ್ತಿದ್ದೂ ಹೆಡ್ ಇಟ್ಟು ಬಿಗಿದೆ. ತಪ್ಪು ಅಂಗಡಿಯವನದ್ದಲ್ಲ."

ನಾನು ಅವರ ಎದುರು ಕೂತೆ. ಮೂರು ವರ್ಷ ನಾನೂ ಆ ಅಂಗಡಿಯವರನ್ನು ಶಪಿಸಿದ್ದೆ. ಪೇಟೆಯಲ್ಲಿ ಅವರ ಹೆಂಡತಿ ಎದುರಾದರೆ ರಸ್ತೆಯ ಇನ್ನೊಂದು ಬದಿಗೆ ದಾಟುತ್ತಿದ್ದೆ. ಗಂಡನ ಮೇಲೆ ಸಿಟ್ಟು ಬಂತು, ಅವರ ಮುಖ ನೋಡಿ ಅಳುವೂ ಬಂತು. ಇಬ್ಬರ ತಟ್ಟೆಯಲ್ಲೂ ಅನ್ನ ಆರಿತು.

ಸಂಜೆ ಲಾರಿಯವರು ಬಂದಾಗ ಇವರೇ ಹೇಳಿದರು: "ನಮ್ಮ ಕೈ ತಪ್ಪಿ ಬ್ಲಾಕಿಗೆ ಗೀರು ಬಿದ್ದಿದೆ. ಹಾಗೇ ಹಾಕಿದ್ರೆ ಗ್ಯಾಸ್ಕೆಟ್ ಅಲ್ಲೇ ಸುಡ್ತದೆ. ಇನ್ನೆರಡು ದಿನ ಬೇಕು."

"ಎಂತ ಮೇಸ್ತ್ರಿ, ಹಂಚಿನ ಲೋಡು ಕಾಯ್ತಾ ಉಂಟು" ಎಂದು ಅವರು ಗೊಣಗಿದರು. ಆದರೂ ಲಾರಿ ಬೇರೆ ಕಡೆ ಒಯ್ಯಲಿಲ್ಲ.

ಚಪ್ಪಟೆ ಸಾಣೆಕಲ್ಲಿಗೆ ಎಣ್ಣೆ ಹಚ್ಚಿ ಎರಡು ದಿನ ಉಜ್ಜಿದೆ. ಗೀರಿದ್ದಲ್ಲಿ ಮಾತ್ರ ಉಜ್ಜಿದರೆ ಹಳ್ಳ ಬೀಳುತ್ತದೆ. ಸುತ್ತಲೂ ಅಗಲಕ್ಕೆ ಸಮನಾಗಿ ತೇಯಬೇಕು. ಆಗಾಗ ಉಕ್ಕಿನ ಪಟ್ಟಿಯನ್ನು ಬ್ಲಾಕಿನ ಮೇಲೆ ನಿಲ್ಲಿಸಿ, ಅದರ ಹಿಂದಿನಿಂದ ಟಾರ್ಚ್ ಹಿಡಿದು ಸಂದು ಇದೆಯೇ ಎಂದು ನೋಡುತ್ತಿದ್ದೆ.

"ಬೆಳಕು ಕಾಣ್ತದಾ?" ಎಂದು ಇವರು ಕೇಳುತ್ತಿದ್ದರು.

"ಒಂದೆಳೆ ಕಾಣ್ತದೆ."

"ಹಾಗಾದ್ರೆ ಇನ್ನೂ ಉಜ್ಜು."

ಹೆಡ್ಡಿನ ಅಡಿಯನ್ನೂ ಹಾಗೆಯೇ ಪರೀಕ್ಷಿಸಿದೆವು, ಅದು ನೆಟ್ಟಗಿತ್ತು. ಎರಡನೆಯ ದಿನ ಮಧ್ಯಾಹ್ನ ಪಟ್ಟಿಯ ಅಡಿಯಲ್ಲಿ ಎಲ್ಲೂ ಬೆಳಕು ತೂರಲಿಲ್ಲ. ಉಗುರಿಗೂ ಏನೂ ಸಿಗಲಿಲ್ಲ. ಇವರು ಅಂಗಿ ಬದಲಿಸಿ ಬಂದು, "ಗ್ಯಾಸ್ಕೆಟ್ ತರ್ಬೇಕು. ಅವನ ಅಂಗಡಿಗೇ ಕರ್ಕೊಂಡು ಹೋಗು" ಎಂದರು.

ಅಂಗಡಿಯವರು ನಮ್ಮನ್ನು ನೋಡಿ ಎದ್ದು ನಿಂತರು. ಇವರು ನನ್ನ ತೋಳು ಬಿಟ್ಟು, ಗಲ್ಲಾದ ಮೇಜಿನ ಅಂಚು ಹಿಡಿದುಕೊಂಡು, ನನಗೆ ಹೇಳಿದ್ದನ್ನೇ ಒಂದಕ್ಷರ ಬಿಡದೆ ಹೇಳಿದರು.

"ಗೊತ್ತಿತ್ತು ಮಾರಾಯ" ಎಂದರು ಅಂಗಡಿಯವರು. "ನೀನು ಕಳಿಸಿದ ಗ್ಯಾಸ್ಕೆಟ್ ನೋಡಿದ ದಿನವೇ ಗೊತ್ತಾಯ್ತು. ಮೂಲೆಯಲ್ಲಿ ಹಳೆಯದರ ಚೂರು ಒತ್ತಿಕೊಂಡು ಕೂತಿತ್ತು."

"ಮತ್ತೆ ನೀನು ಯಾರಿಗೂ ಹೇಳ್ಲಿಲ್ಲ ಯಾಕೆ?"

"ಕಣ್ಣು ಕಳ್ಕೊಂಡು ಮಲಗಿದ್ದವನ ಬಗ್ಗೆ ಅದನ್ನು ಹೇಗೆ ಹೇಳುವುದು? ಜನ ನನ್ನ ಅಂಗಡಿಯನ್ನು ಬೈದದ್ದು ಕೇಳ್ಕೊಂಡು ಕೂತೆ. ಸಿಟ್ಟು ಬಂದಿತ್ತು. ಈಗಲೂ ಉಂಟು."

ಅಂಗಡಿಯವರು ಒಳಗೆ ಹೋಗಿ ಗ್ಯಾಸ್ಕೆಟ್ ತಂದು, ಕಾಗದ ಬಿಚ್ಚಿ, ಅದನ್ನು ಇವರ ಎರಡೂ ಕೈಗಳ ಮೇಲೆ ಇಟ್ಟರು. "ಮುಟ್ಟಿ ನೋಡು. ಸರಿ ಉಂಟಾ?" ಇವರು ಅದರ ಅಂಚಿನುದ್ದಕ್ಕೂ ಬೆರಳಾಡಿಸುತ್ತಲೇ ಇದ್ದರು. ನಾನೇ "ಸರಿ ಉಂಟು" ಎಂದೆ.

ಮರುದಿನ ಹೆಡ್ ಇಟ್ಟು, ನಡುವಿನಿಂದ ಹೊರಗೆ, ಸ್ವಲ್ಪ ಸ್ವಲ್ಪವಾಗಿ ಬೋಲ್ಟುಗಳನ್ನು ಬಿಗಿದೆವು. ಲಾರಿ ಲೋಡು ಹೊತ್ತು ನಂತೂರಿನ ಏರು ಹತ್ತಿ ಹೋಯಿತು. ಆ ದೋಷಕ್ಕೆ ಮತ್ತೆ ಬರಲಿಲ್ಲ. ಅಂಗಡಿಯವರು ನಮ್ಮ ಮನೆಯ ಮೆಟ್ಟಿಲು ಹತ್ತಲು ಇನ್ನೂ ಒಂದು ಮಳೆಗಾಲ ಹಿಡಿಯಿತು. ಇವರು ಮಾತ್ರ ಅಂದಿನಿಂದ ಗ್ಯಾರೇಜಿಗೆ ಬಂದವರಿಗೆಲ್ಲ, ಕೇಳಲಿ ಕೇಳದಿರಲಿ, ತಮ್ಮ ಕಣ್ಣು ಹೋದದ್ದು ಯಾರ ತಪ್ಪಿನಿಂದ ಎಂದು ಹೇಳುತ್ತಿದ್ದರು. ಕೆಲವರು ಮುಜುಗರಪಟ್ಟು ಮಾತು ಬದಲಿಸುತ್ತಿದ್ದರು. ಇವರು ಕಾದಿದ್ದು ಮತ್ತೆ ಅಲ್ಲಿಂದಲೇ ಶುರು ಮಾಡುತ್ತಿದ್ದರು.