ಕುದುರೆಯ ಬಾಯಲ್ಲಿ ಅಕ್ಕನ ಕೈ

ಅಕ್ಕ ತೀರಿಕೊಂಡು ನಲವತ್ತು ದಿನವಾಯಿತು. ಅವಳ ಬಗ್ಗೆ ಏನಾದರೂ ಬರೆದುಕೊಡು ಎಂದು ಅವಳ ಮಗಳು ಕೇಳಿದ್ದಾಳೆ. ನಾನು ಹೆಚ್ಚು ಓದಿದವಳಲ್ಲ. ಕೊಯಮತ್ತೂರಿನ ನಮ್ಮ ಮನೆಯಲ್ಲಿ ಮಾತು ಕನ್ನಡ, ಶಾಲೆಯಲ್ಲಿ ತಮಿಳು. ಕನ್ನಡದ ಅಕ್ಷರ ಕಲಿತದ್ದು ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದ ಮೇಲೆ. ಆಸ್ಪತ್ರೆಯ ದಿನಗಳಿಂದ ಶುರು ಮಾಡೋಣ ಎಂದು ಕೂತರೆ ಕೈ ಅಲ್ಲಿಗೆ ಹೋಗುವುದಿಲ್ಲ, ಕುದುರೆಯ ಹತ್ತಿರ ಓಡುತ್ತದೆ. ಕುದುರೆ ನೆನಪಾದ ಕೂಡಲೇ, ಹೇಳಿಕೊಳ್ಳಲು ನಾಚಿಕೆ, ನನ್ನ ಎದೆ ಈಗಲೂ ಒಂಬತ್ತು ವರ್ಷದ ಹುಡುಗಿಯ ಎದೆಯಂತೆ ಹೊಡೆದುಕೊಳ್ಳುತ್ತದೆ.

ಐವತ್ತರ ದಶಕದ ಮೊದಲ ವರ್ಷಗಳು. ಅಕ್ಕನಿಗೆ ಆಗ ಹದಿಮೂರು. ಅಪ್ಪ ಡಾಕ್ಟರು. ಅವರ ಜೊತೆಯವರೆಲ್ಲ ಒಬ್ಬೊಬ್ಬರಾಗಿ ಕಾರು ಕೊಂಡರೂ ಅಪ್ಪ ಮಾತ್ರ ರೋಗಿಗಳ ಮನೆಗೆ ಒಂಟಿ ಕುದುರೆಯ ಗಾಡಿಯಲ್ಲೇ ಹೋಗುತ್ತಿದ್ದರು. ಕಂದು ಬಣ್ಣದ ಕುದುರೆ, ಹಣೆಯ ಮೇಲೆ ಎಲೆಯಷ್ಟು ಬಿಳಿ. ಅದನ್ನು ನೋಡಿಕೊಳ್ಳುತ್ತಿದ್ದವನು ವಯಸ್ಸಾದ ಗಾಡಿಯವನು. ನಾವು ಅವನನ್ನು ತಾತ ಎನ್ನುತ್ತಿದ್ದೆವು, ಅವನು ನಮ್ಮಿಬ್ಬರನ್ನೂ ಅಮ್ಮಣಿ ಎನ್ನುತ್ತಿದ್ದ. ಅವನಿಗೆ ಬರುತ್ತಿದ್ದುದು ತಮಿಳೊಂದೇ. ಅಕ್ಕ ಅವನ ಹಿಂದೆಯೇ ಸುತ್ತುತ್ತಿದ್ದಳು. ದೊಡ್ಡವಳಾದ ಮೇಲೆ ಅವಳನ್ನು ಶಾಲೆ ಬಿಡಿಸಿದ್ದರು. ದಿನವಿಡೀ ಮನೆಯಲ್ಲಿರಬೇಕು, ಅಂಗಳ ದಾಟುವ ಹಾಗಿಲ್ಲ. ಲಾಯ ಅಂಗಳದೊಳಗೇ ಇದ್ದದ್ದು ಅವಳ ಪುಣ್ಯ.

ಒಂದು ಸೋಮವಾರ ಕುದುರೆ ಹುಲ್ಲು ಬಿಟ್ಟಿತು. ಬುಧವಾರ ಅಪ್ಪ ಅದರ ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರು. ಬಿಳಿ ಇರಬೇಕಾದಲ್ಲಿ ಅರಿಶಿನ. ತುಟಿ ಎತ್ತಿದರೆ ಒಸಡೂ ಹಾಗೆಯೇ. ದನದ ಆಸ್ಪತ್ರೆಯ ಡಾಕ್ಟರು ದನಗಳಿಗೆ ಸೂಜಿ ಹಾಕಲು ವಾಲ್ಪಾರೈ ಕಡೆ ಬೆಟ್ಟ ಹತ್ತಿ ಹೋಗಿದ್ದರು, ಬರುವುದು ಹತ್ತು ದಿನವಂತೆ. ಅದಕ್ಕೇಕೆ ಅವರು ಬರುವವರೆಗೆ ಕಾಯಬೇಕು ಎಂದರು ಅಪ್ಪ. ಕಾಮಾಲೆ ಯಾರಿಗೆ ಬಂದರೂ ಕಾಮಾಲೆಯೇ, ಇದು ಪಿತ್ತಜನಕಾಂಗದ ತೊಂದರೆ, ಪಥ್ಯ ಒಂದೇ ದಾರಿ.

ಅಂದಿನಿಂದ ನಮ್ಮ ಕುದುರೆ ಅಪ್ಪನ ರೋಗಿಯಾಯಿತು. ಹುರುಳಿ ಬಂದ್, ಹಿಂಡಿ ಬಂದ್. ಒಣ ಜೋಳದ ದಂಟು ಜೀರ್ಣಕ್ಕೆ ಭಾರವೆಂದು ಅದೂ ಬಂದ್. ಅಮ್ಮ ದೊಡ್ಡ ಹಂಡೆಯಲ್ಲಿ ಬಾರ್ಲಿ ಕಾಯಿಸಿದರು. ಅಜ್ಜಿ ನೆಲನೆಲ್ಲಿಯನ್ನು ಬುಡಸಮೇತ ಅರೆದು ಮಜ್ಜಿಗೆಗೆ ಹಾಕಿದರು. ಅಪ್ಪ ಬೆಳಿಗ್ಗೆ ಎದ್ದು ಕೋಟು ಹಾಕಿಕೊಂಡು ಲಾಯಕ್ಕೆ ಹೋಗಿ, ಕುದುರೆಯ ಪಕ್ಕೆಯ ಕೆಳಗೆ ಬೆರಳಿನಿಂದ ಒತ್ತಿ ಒತ್ತಿ ಪಿತ್ತಕೋಶ ಹುಡುಕುತ್ತಿದ್ದರು. ಕುದುರೆ ತಿರುಗಿ ಅವರನ್ನು ನೋಡುತ್ತಿತ್ತು.

ದಿನದಿನಕ್ಕೆ ಕಣ್ಣು ಇನ್ನಷ್ಟು ಹಳದಿಯಾಯಿತು. ಪಕ್ಕೆಲುಬು ಎಣಿಸುವ ಹಾಗಾಯಿತು. ಅಪ್ಪ ಒಂದು ಹಳೆಯ ಇಂಗ್ಲಿಷ್ ಪುಸ್ತಕ ತೆಗೆದು ಓದಿದರು. ಪಿತ್ತಜನಕಾಂಗ ಪೂರ್ತಿ ಕೆಟ್ಟರೆ ಕುದುರೆ ಗೋಡೆಗೆ ಹಣೆ ಒತ್ತಿಕೊಂಡು ನಿಲ್ಲುತ್ತದೆ, ಗೊತ್ತುಗುರಿಯಿಲ್ಲದೆ ಸುತ್ತುತ್ತದೆ ಎಂದು ಊಟಕ್ಕೆ ಕೂತಾಗ ಹೇಳಿದರು. ಆಮೇಲೆ ನಾವಿಬ್ಬರೂ ಸರದಿಯಲ್ಲಿ ಕುದುರೆಯನ್ನು ಕಾದೆವು. ಅದು ಗೋಡೆಯ ಕಡೆ ಒಂದು ಹೆಜ್ಜೆ ಇಟ್ಟರೂ ನನಗೆ ಅಳು.

ಭಾನುವಾರ ಅಜ್ಜಿ ತಮ್ಮ ತೀರ್ಪು ಹೇಳಿದರು. ಅನ್ನೂರಿನಲ್ಲಿ ಕಾಮಾಲೆಗೆ ಬರೆ ಹಾಕುವವನೊಬ್ಬನಿದ್ದ. ಕಾದ ಕಬ್ಬಿಣ ಇಟ್ಟು ಎಷ್ಟೋ ಜನರನ್ನು ಬದುಕಿಸಿದ್ದನಂತೆ, ಎತ್ತುಗಳನ್ನೂ. ಮಾರನೆಯ ಬೆಳಿಗ್ಗೆ ಹತ್ತರ ಬಸ್ಸಿಗೆ ಅವನು ಬರುವ ಹಾಗೆ ಹೇಳಿ ಕಳಿಸಿಯಾಗಿತ್ತು. ಕುದುರೆಗಾದರೆ ಹೊಟ್ಟೆಯ ಎರಡೂ ಬದಿಗೆ ಮೂರು ಮೂರು ಬರೆ. ಅಪ್ಪ ಯಾವಾಗಲೂ ಬರೆ ಎಂದರೆ ಸಿಡಿಮಿಡಿಗೊಳ್ಳುತ್ತಿದ್ದವರು, ಅಂದು ಏನೂ ಹೇಳಲಿಲ್ಲ. ಅವರ ಔಷಧ ಸೋತಿತ್ತು. ಅಪ್ಪ ಸುಮ್ಮನಿದ್ದದ್ದೇ ನಮಗೆ ಕಾದ ಕಬ್ಬಿಣಕ್ಕಿಂತ ಹೆಚ್ಚು ಭಯ ಹುಟ್ಟಿಸಿತು.

ಸೋಮವಾರ ಬೆಳಕು ಹರಿಯುತ್ತಲೇ ಅಕ್ಕ ನನ್ನನ್ನು ಎಬ್ಬಿಸಿ ಲಾಯಕ್ಕೆ ಎಳೆದುಕೊಂಡು ಹೋದಳು. ತಾತ ಆಗಲೇ ಎದ್ದು ಕುದುರೆಯ ಮೈ ಉಜ್ಜುತ್ತಿದ್ದ. ಅಕ್ಕ ಖಾಲಿ ಬಕೀಟನ್ನು ಸದ್ದಾಗುವಂತೆ ನೆಲಕ್ಕೆ ತಾಗಿಸಿದಳು. ಕುದುರೆ ಕಿವಿ ನೆಟ್ಟಗೆ ಮಾಡಿಕೊಂಡು ಹಗ್ಗ ಎಳೆಯುವಷ್ಟು ಮುಂದೆ ಬಂತು. ಪಥ್ಯ ಮುರಿದು ಅವಳು ಒಂದು ಹಿಡಿ ಹಸಿ ಹುಲ್ಲು ಕೊಟ್ಟಳು. ಅದು ಆತುರದಿಂದ ಬಾಯಿಗೆ ತೆಗೆದುಕೊಂಡು ಅಗಿಯಿತು, ತಲೆ ಒಂದು ಪಕ್ಕಕ್ಕೆ ವಾಲಿಸಿತು, ಇನ್ನೂ ಅಗಿಯಿತು, ಆಮೇಲೆ ಹುಲ್ಲನ್ನು ಉಂಡೆಯಂತೆ ಸುತ್ತಿ ಕೆಳಗೆ ಬೀಳಿಸಿತು. ಮತ್ತೊಂದು ಹಿಡಿ, ಮತ್ತೊಂದು ಉಂಡೆ. ಅಕ್ಕ ನನ್ನ ಕೈ ಎಷ್ಟು ಗಟ್ಟಿ ಹಿಡಿದಳೆಂದರೆ ಬಳೆ ಒತ್ತಿತು.

ತಾತನನ್ನು ಕೇಳಿದಳು. ಅವನು ಅಪ್ಪನ ಕೋಣೆಯ ಕಡೆ ಒಮ್ಮೆ ನೋಡಿ, ಸಣ್ಣ ದನಿಯಲ್ಲಿ ಹೇಳಿದ: "ಪಸೀಂಗ ಅಮ್ಮಣಿ. ವೇರ ಒಣ್ಣುಮಿಲ್ಲೀಂಗ." ಹಸಿವು ಅಷ್ಟೇ, ಬೇರೇನೂ ಇಲ್ಲ. ಬಾಯೊಳಗೆ ನೋಡಲು ತಾನು ಮೊದಲ ದಿನವೇ ಹೋದೆ, ಕುದುರೆ ತಲೆ ಕೊಡವಿ ಬಿಡಲಿಲ್ಲ, ಅಷ್ಟರಲ್ಲಿ ಡಾಕ್ಟರಯ್ಯ ಕಾಮಾಲೆ ಎಂದರು, ಅವರು ಹೇಳಿದ ಮೇಲೆ ತಾನು ಯಾರು ಎಂದ.

ಅಕ್ಕ ಮೂರು ಉಂಡೆ ಆರಿಸಿಕೊಂಡು ನೆಟ್ಟಗೆ ಅಪ್ಪನ ಕೋಣೆಗೆ ನಡೆದು, ಅವರು ಚೀಟಿ ಬರೆಯುವ ಮೇಜಿನ ಮೇಲೆ ಸಾಲಾಗಿ ಇಟ್ಟಳು. ಜೊಲ್ಲು ಹರಿಯಿತು.

"ಏನಮ್ಮಾ ಇದು, ಗಲೀಜು?"

"ಹೊಟ್ಟೆ ಸರಿಯಿಲ್ದ ಕುದುರೆ ಬಕೀಟು ಸದ್ದಿಗೆ ಓಡಿ ಬರ್ತದಾಪ್ಪಾ? ನಿಮ್ಮ ಕಾಮಾಲೆಯವರು ಅನ್ನ ಕಂಡ್ರೆ ಮುಖ ತಿರುಗಿಸ್ತಾರೆ ಅಂತೀರಿ. ಇದು ತಿರುಗಿಸೋದಿಲ್ಲ. ಇದಕ್ಕೆ ನುಂಗಕ್ಕೆ ಆಗ್ತಿಲ್ಲ, ಅಷ್ಟೇ."

ನಮ್ಮ ಮನೆಯಲ್ಲಿ ಅಪ್ಪನಿಗೆ ಎದುರು ಮಾತಾಡಿದವರನ್ನು ನಾನು ಅದುವರೆಗೆ ನೋಡಿರಲಿಲ್ಲ. ನಾನು ಬಾಗಿಲ ಹಿಂದೆ ಸರಿದೆ. ಬಾಗಿಲ ಬಳಿ ಬಂದ ಅಜ್ಜಿ, ಸುಮ್ನೆ ಒಳಗೆ ಹೋಗಡೀ ಎಂದರು. ಅಪ್ಪ ಒಂದು ಉಂಡೆಯನ್ನು ಚಿಮಟದಿಂದ ಎತ್ತಿ ಬಿಡಿಸಿ ನೋಡಿದರು. ಒಳಗೆ ಒಂದು ಗೆರೆ ರಕ್ತ. ಗೋಡೆಯ ಗಡಿಯಾರ ನೋಡಿದರು. ಒಂಬತ್ತೂ ಕಾಲು. ಎದ್ದು, ರೋಗಿಗಳ ಗಂಟಲು ನೋಡುವಾಗ ಹಣೆಗೆ ಕಟ್ಟಿಕೊಳ್ಳುವ ದುಂಡನೆಯ ಕನ್ನಡಿಯನ್ನು ಕಟ್ಟಿಕೊಂಡರು.

ಆ ದೃಶ್ಯವನ್ನು ಹೇಗೆ ಬರೆಯಲಿ! ಕೋಟು ಹಾಕಿಕೊಂಡ ಅಪ್ಪ ಅಂಗಳದ ಬಿಸಿಲಿನಲ್ಲಿ ನಿಂತಿದ್ದಾರೆ, ಹಣೆಯ ಕನ್ನಡಿ ಬಿಸಿಲನ್ನು ಹಿಡಿದು ಕುದುರೆಯ ಬಾಯೊಳಗೆ ಎಸೆಯುತ್ತಿದೆ. ತಾತ ಒದ್ದೆ ಬಟ್ಟೆಯಲ್ಲಿ ನಾಲಿಗೆ ಹಿಡಿದು ಪಕ್ಕಕ್ಕೆ ಎಳೆದಿದ್ದಾನೆ. ಕುದುರೆ ತಲೆ ಎತ್ತಿದರೆ ಬೆಳಕು ಲಾಯದ ಮಾಡಿಗೆ ಹಾರುತ್ತದೆ, ಇಳಿಸಿದರೆ ಮತ್ತೆ ಬಾಯಿಗೆ. ಅಲ್ಲಿ ಏನೋ ಇದೆ ಎಂದರು ಅಪ್ಪ. ಕೈ ಹಾಕಿದರು. ದಪ್ಪ ಕೈ, ಅರ್ಧಕ್ಕೇ ಸಿಕ್ಕಿಕೊಂಡಿತು. ತಾತ ನಾಲಿಗೆ ಬಿಡುವ ಹಾಗಿಲ್ಲ.

ಯಾರೂ ಹೇಳುವ ಮೊದಲೇ ಅಕ್ಕ ತೋಳಿನ ಬಳೆಗಳನ್ನು ಕಳಚಿ ನನ್ನ ಕೈಗೆ ಕೊಟ್ಟಳು. ಅಪ್ಪ ಬೇಡ ಎನ್ನಲು ಬಾಯಿ ತೆರೆದರು. ಆಗಲೇ ಅವಳ ಕೈ ಮೊಣಕೈವರೆಗೆ ಒಳಗಿತ್ತು.

"ಸಿಕ್ತು," ಎಂದಳು. "ಅಡ್ಡ ಕೂತಿದೆ. ಬಿಡ್ತಿಲ್ಲ. ಅಪ್ಪಾ, ಚಿಮಟ."

ಚಿಮಟ ಒಳಗೆ ಹೋಯಿತು. ಕಟ್ ಎಂದು ಒಂದು ಸದ್ದು. ಕುದುರೆ ತಲೆ ಕೊಡವಿದ ರಭಸಕ್ಕೆ ಅಪ್ಪನ ಕನ್ನಡಿ ಹಾರಿ ತುಳಸಿಕಟ್ಟೆಯ ಹತ್ತಿರ ಬಿತ್ತು, ತಾತ ಹಿಂದಕ್ಕೆ ಕೂತುಬಿಟ್ಟ, ಅಕ್ಕ ಜೊಲ್ಲು ಸುರಿಯುವ ಕೈಯನ್ನು ಮೇಲಕ್ಕೆ ಎತ್ತಿ ಹಿಡಿದಳು. ಚಿಮಟದ ತುದಿಯಲ್ಲಿ ಎರಡು ಬೆರಳುದ್ದದ ಜೋಳದ ದಂಟಿನ ಸಿಬಿರು. ಬಿದಿರಿನಷ್ಟು ಗಟ್ಟಿ. ಮೇಲಿನ ದವಡೆಯ ಈ ಹಲ್ಲಿಗೂ ಆ ಹಲ್ಲಿಗೂ ಸೇತುವೆಯಂತೆ ಅಡ್ಡ ಸಿಕ್ಕಿಕೊಂಡು, ಎಂಟು ದಿನ ಅಂಗುಳನ್ನು ಕೊರೆದಿತ್ತು. ಕೊಳೆತ ನಾತ ಅಂಗಳವೆಲ್ಲ ತುಂಬಿತು. ನಮಗೆ ಅದು ಹೂವಿನ ವಾಸನೆ.

ಅಪ್ಪ ಬಾಯಿಗೆ ಉಪ್ಪುನೀರು ಹೊಡೆದು ತೊಳೆದರು. ತಾತ ನೆನೆಸಿದ ತವುಡು ತಂದಿಟ್ಟ. ಕುದುರೆ ಮೂಗು ಹಾಕಿತು, ನಿಂತಿತು, ಅಗಿಯಿತು. ನಾವು ನೆಲ ನೋಡಿದೆವು. ಉಂಡೆ ಬೀಳಲಿಲ್ಲ. ಅದರ ಕೊರಳಿನಲ್ಲಿ ತುತ್ತು ಇಳಿಯುವುದನ್ನು ನಾನು ಕಣ್ಣಾರೆ ಕಂಡೆ, ಒಂದು, ಇನ್ನೊಂದು, ಮತ್ತೊಂದು. ಅಕ್ಕ ಅದರ ಕುತ್ತಿಗೆಗೆ ಒರಗಿ ನಗುತ್ತಿದ್ದಳು. ನಾನು ಅಂಗಳದ ಸುತ್ತ ಎಷ್ಟು ಸುತ್ತು ಓಡಿದೆನೋ ತಿಳಿಯದು, ಅವಳ ಬಳೆಗಳು ನನ್ನ ಕೈಯಲ್ಲಿ ಗಲಗಲ ಎನ್ನುತ್ತಿದ್ದವು.

ಆ ಹೊತ್ತಿಗೆ ಅನ್ನೂರಿನವನು ಕಬ್ಬಿಣದ ಚೀಲ ಹೆಗಲಿಗೆ ಹಾಕಿಕೊಂಡು ಬಂದ. ನಡೆದದ್ದನ್ನೆಲ್ಲ ಕೇಳಿ, ಕುದುರೆಯನ್ನು ಒಂದು ಸುತ್ತು ನೋಡಿ, ತಾನು ಬಸ್ಸು ಹತ್ತಿದ ಸುದ್ದಿಗೇ ಕಾಮಾಲೆ ಓಡಿಹೋಗಿದೆ ಎಂದ. ಅಜ್ಜಿ ಅದನ್ನು ಪೂರ್ತಿ ನಂಬಿ ಅವನಿಗೆ ಇಡ್ಲಿ ಬಡಿಸಿ, ತಾಂಬೂಲ ಕೊಟ್ಟು ಕಳಿಸಿದರು.

ವಾಲ್ಪಾರೈಯಿಂದ ದನದ ಡಾಕ್ಟರು ಇಳಿದು ಬಂದಾಗ ಕಣ್ಣಿನ ಹಳದಿ ಮುಕ್ಕಾಲು ಹೋಗಿತ್ತು. ಕುದುರೆಗೆ ಎರಡು ಮೂರು ದಿನ ಹೊಟ್ಟೆಗೆ ಬೀಳದಿದ್ದರೆ ಸಾಕು, ರೋಗವೇ ಇಲ್ಲದೆ ಕಣ್ಣು ಹಳದಿಯಾಗುತ್ತದೆ ಎಂದು ಅವರು ತಿಳಿಸಿದರು. ನಿಜವಾದ ಪಿತ್ತಜನಕಾಂಗದ ಕಾಯಿಲೆಯೂ ಬರುತ್ತದೆ, ಆದರೆ ಮೊದಲು ಬಾಯಿ ನೋಡಬೇಕು. ನೀವು ಪಥ್ಯ ಮಾಡಿಸಿದಷ್ಟೂ ಅದು ಹಳದಿಯಾಗುತ್ತಲೇ ಹೋಗಿದೆ ಎಂದರು. ಅಪ್ಪ ತಲೆ ತಗ್ಗಿಸಿ, ಪಿತ್ತಕೋಶ ಮಾತ್ರ ಕೈಗೆ ಸಿಕ್ಕಲೇ ಇಲ್ಲ ಎಂದರು. ಕುದುರೆಗೆ ಪಿತ್ತಕೋಶವೇ ಇರುವುದಿಲ್ಲವಲ್ಲ ಎಂದರು ಅವರು. ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ತಾತನೆದುರು ಕೈ ಮುಗಿದು, ಇನ್ನು ಮೇಲೆ ನನಗೆ ತಪ್ಪು ಕಂಡರೆ ಹೇಳಿಬಿಡು ಎಂದರು.

ತಿಂಗಳ ಮೇಲೆ ಕರುಮತ್ತಂಪಟ್ಟಿಯಲ್ಲಿ ರೋಗಿಯೊಬ್ಬರನ್ನು ನೋಡಲು ಹೋಗುವಾಗ ಅಪ್ಪ ತಾವಾಗಿಯೇ ಅಕ್ಕನನ್ನು ಗಾಡಿ ಹತ್ತು ಎಂದರು, ಅಜ್ಜಿಯ ಎದುರಿಗೇ. ನನ್ನನ್ನೂ. ತಾತ ಒಂದಷ್ಟು ದೂರ ಲಗಾಮನ್ನು ಅವಳ ಕೈಗೆ ಕೊಟ್ಟ. ರಸ್ತೆಯ ಎರಡೂ ಕಡೆ ಹತ್ತಿಯ ಹೊಲ, ಮುಖಕ್ಕೆ ಕುದುರೆಯ ಜೂಲಿನ ಗಾಳಿ. ನಾನು ಅವಳ ಲಂಗ ಹಿಡಿದುಕೊಂಡು ಕೂತಿದ್ದೆ.

ಈ ವರ್ಷ ಅಕ್ಕನ ಕಣ್ಣು ಹಳದಿಯಾಯಿತು. ಕೊಯಮತ್ತೂರಿನ ಆಸ್ಪತ್ರೆಯಲ್ಲಿ ನಾನು ಅವಳ ಜೊತೆಗಿದ್ದೆ. ಪರೀಕ್ಷೆಗಳೆಲ್ಲ ಮುಗಿದಿದ್ದವು, ಡಾಕ್ಟರು ನಮ್ಮನ್ನು ಹೊರಗೆ ಕರೆದು ಹೇಳಬೇಕಾದುದನ್ನು ಹೇಳಿದ್ದರು. ಉಪ್ಪಿಲ್ಲದ ಗಂಜಿ ಕುಡಿಸಲು ಹೋದರೆ ಅವಳು ಮುಖ ತಿರುಗಿಸುತ್ತಿದ್ದಳು. ಒಂದು ಮಧ್ಯಾಹ್ನ ಚಮಚ ಹಿಡಿದು ನಾನು ಅಳುತ್ತಿದ್ದಾಗ ಅವಳು ನನ್ನ ಮಣಿಕಟ್ಟು ಹಿಡಿದಳು.

"ಬಾಯಿ ನೋಡಡೀ ಮೊದ್ಲು," ಎಂದಳು. "ಕಡ್ಡಿ ಏನಾದ್ರೂ ಸಿಕ್ಕೊಂಡಿದ್ಯಾ ಅಂತ."

ಬಾಯಿ ತೆರೆದಳು. ನಾನು ಕಿಟಕಿಯ ಪರದೆ ಸರಿಸಿ, ಬಿಸಿಲು ಒಳಗೆ ಬೀಳುವ ಹಾಗೆ ಅವಳ ಮುಖವನ್ನು ಮೆಲ್ಲಗೆ ತಿರುಗಿಸಿ, ಚೆನ್ನಾಗಿ ನೋಡಿದೆ. ಮೇಲೆ ನೋಡಿದೆ, ಎರಡೂ ಪಕ್ಕ ನೋಡಿದೆ. ಅವಳು ತೆರೆದ ಬಾಯಲ್ಲೇ ನಗುತ್ತಿದ್ದಳು.