ಬೆಂಕಿಪೊಟ್ಟಣದ ಪರೀಕ್ಷೆ

ಕುರ್ಚಿ ಅಕ್ಕನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬೀದಿಯವರೆಲ್ಲ ಹೇಳುತ್ತಿದ್ದರು. ಇರಲಿ ಬಿಡಿ, ಅದಕ್ಕೇನೀಗ? ಎಂಟನೇ ವಯಸ್ಸಿಗೆ ಜ್ವರದಲ್ಲಿ ಎರಡೂ ಕಣ್ಣು ಹೋದವು. ಹದಿನೈದಕ್ಕೆ ತಾಯಿ ಹೋದಳು. ಮಡಿಲಲ್ಲಿ ಆರು ವರ್ಷದ ತಮ್ಮ. ಅವನನ್ನು ಕುರ್ಚಿಗೆ ಬೆತ್ತ ಹೆಣೆದೇ ಸಾಕಿ, ಓದಿಸಿ, ವಿದ್ಯುತ್ ಕಚೇರಿಯ ಗುಮಾಸ್ತನನ್ನಾಗಿ ಮಾಡಿದಳು. ಇಂಥವಳಿಗೆ ಸಿಟ್ಟು ಬರಬಾರದೆಂದರೆ ಇನ್ನು ಯಾರಿಗೆ ಬರಬೇಕು?

ಕೋರ್ಟಿನಲ್ಲಾಗಲಿ ವಾಚನಾಲಯದಲ್ಲಾಗಲಿ ಕುರ್ಚಿಯ ಸೀಟು ಜೋಲು ಬಿದ್ದರೆ ಅವಳಿಗೇ ಹೇಳಿ ಕಳಿಸುತ್ತಿದ್ದರು. ಬೆತ್ತದ ಪಟ್ಟಿಗಳನ್ನು ಬಕೆಟ್ಟಿನ ನೀರಲ್ಲಿ ನೆನೆಹಾಕಿ, ಚೌಕಟ್ಟಿನ ತೂತುಗಳನ್ನು ಬೆರಳಲ್ಲೇ ಎಣಿಸಿ, ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ, ಕೊನೆಗೆ ಮೂಲೆಯಿಂದ ಮೂಲೆಗೆ ಎಳೆದು ಬಿಗಿದಳೆಂದರೆ ಹತ್ತು ವರ್ಷ ಆ ಕಡೆ ತಿರುಗಿ ನೋಡಬೇಕಾಗಿರಲಿಲ್ಲ. "ಈ ಊರಿನ ದೊಡ್ಡ ಮನುಷ್ಯರೆಲ್ಲ ಕೂತಿರೋದು ನನ್ನ ಕೈಕೆಲಸದ ಮೇಲೆ. ಎಬ್ಬಿಸಿ ನಿಲ್ಲಿಸೋಕೂ ನಂಗೆ ಗೊತ್ತು" ಎನ್ನುತ್ತಿದ್ದಳು.

ಕೆಲಸಕ್ಕೆ ಒಬ್ಬಳೇ ಹೋಗಿ ಒಬ್ಬಳೇ ಬರುತ್ತಿದ್ದಳು. ಮೆಟ್ಟಿಲಿಳಿದರೆ ಎಡಕ್ಕೆ ಹಿಟ್ಟಿನ ಗಿರಣಿಯ ಗಡಗಡ. ಅದು ಬೆನ್ನಿಗೆ ಬಂದಾಗ ಮುಂದೆ ತಗಡು ಬಡಿಯುವವನ ಟಣಟಣ. ಅಲ್ಲಿಂದ ಕ್ಷೌರದಂಗಡಿಯ ರೇಡಿಯೋ, ಚಪ್ಪಲಿ ಹೊಲಿಯುವವನ ಅಂಟಿನ ವಾಸನೆ, ಆಮೇಲೆ ಕೋರ್ಟಿನ ಗೇಟು. ನಿಮಗೂ ನನಗೂ ಅದು ತಲೆ ಚಿಟ್ಟು ಹಿಡಿಸುವ ಗಲಾಟೆ. ಅವಳಿಗೆ ಅದೇ ದಾರಿ. ಹೊಸ ಜಾಗಕ್ಕೆ ಹೋದಾಗ ಅವಳದೊಂದು ಪರೀಕ್ಷೆ ಇತ್ತು: ಯಾರ ಕೈಯನ್ನೂ ಹಿಡಿಯದೆ ಅಂಗಡಿಗೆ ಹೋಗಿ ಒಂದು ಬೆಂಕಿಪೊಟ್ಟಣ ತರುವುದು. ತಂದರೆ ಆ ಜಾಗ ತನ್ನದು. ಅವಳ ಕಪಾಟಿನಲ್ಲಿ ಇಂಥ ಪೊಟ್ಟಣಗಳು ಒಂದು ಡಬ್ಬಿ ತುಂಬಾ ಇದ್ದವು.

ಹೀಗಿರುವಾಗ ತಮ್ಮನಿಗೆ ಬೇರೆ ಊರಿಗೆ ವರ್ಗವಾಯಿತು. ಗಂಡ ಹೆಂಡತಿ ಇಬ್ಬರೂ ಎರಡು ಸಲ ಬಸ್ಸಿನಲ್ಲಿ ಹೋಗಿ ಮನೆ ಹುಡುಕಿ, ಮಾತು ಕೊಟ್ಟು ಬಂದರು. ಅಕ್ಕನನ್ನು ಒಂದು ಮಾತು ಕೇಳಲಿಲ್ಲ. ಬಂದವನ ಬಾಯಿ ನಿಲ್ಲಲೊಲ್ಲದು.

"ಊರಾಚೆ ಹೊಸ ಬಡಾವಣೆ ಅಕ್ಕಾ. ರಸ್ತೆ ಅಂದ್ರೆ ಇಷ್ಟಗಲ! ಒಂದು ಸದ್ದಿಲ್ಲ, ಗದ್ದಲ ಇಲ್ಲ."

"ಮನೆ ಮೂಲೇಲಿ ಏನಿದೆ?"

"ಏನೂ ಇಲ್ಲ!"

"ಅದರಾಚೆ?"

"ಅಲ್ಲೂ ಏನೂ ಇಲ್ಲ. ಅದೇ ಅಲ್ವಾ ಚೆಂದ?"

ಅಕ್ಕನ ಕೈಯಲ್ಲಿದ್ದ ಬೆತ್ತದ ಪಟ್ಟಿ ಪಟ್ಟೆಂದು ತುಂಡಾಯಿತು. "ಹಾಗಿದ್ರೆ ನಾಳೆ ನಾನೂ ಬರ್ತೀನಿ, ನೋಡ್ಬೇಕು."

"ನೀನು ಬಂದು ಏನು ನೋಡ್ತೀಯ?" ಎಂದುಬಿಟ್ಟ ತಮ್ಮ. ಅಂದಮೇಲೆ ನಾಲಿಗೆ ಕಚ್ಚಿಕೊಂಡ. ಕಚ್ಚಿಕೊಂಡು ಏನು ಬಂತು? ಆಡಿದ್ದು ಆಡಿಯಾಗಿತ್ತು. ಅಕ್ಕ ಒಂದಕ್ಷರ ಮಾತಾಡಲಿಲ್ಲ. ಅವಳು ಕೂಗಾಡಿದರೆ ಮನೆಯವರು ಹೆದರುತ್ತಿರಲಿಲ್ಲ. ಸುಮ್ಮನಾದರೆ ಮಾತ್ರ ಹೆದರುತ್ತಿದ್ದರು. ಬೆಳಿಗ್ಗೆ ತಮ್ಮ ಏಳುವಷ್ಟರಲ್ಲಿ ಅವಳು ತಲೆ ಬಾಚಿ, ಕೋಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ಬಡಾವಣೆಯಲ್ಲಿ ಮೂವರೂ ಬಸ್ಸಿಳಿದದ್ದೇ ತಡ, ಅಕ್ಕ ಕಿವಿಗೊಟ್ಟು ನಿಂತಳು. ಕಿವಿ ತುಂಬಿದ ಹತ್ತಿಯ ಹಾಗೆ ಎಲ್ಲ ಕಡೆಯೂ ಒಂದೇ ಮೌನ. ಮನೆ ಮಾಲೀಕ ಬಾಗಿಲು ತೆಗೆದು, ಅವಳ ತಲೆಯ ಮೇಲಿಂದ ತಮ್ಮನನ್ನು ಕೇಳಿದ: "ಇವರೂ ಇರ್ತಾರಾ? ಪರವಾಗಿಲ್ಲ ಬಿಡಿ, ಒಂದು ಮೂಲೇಲಿ ಕೂತಿರ್ತಾರೆ."

"ಸ್ವಾಮೀ, ಹೋಗಿದ್ದು ಕಣ್ಣು, ಕಿವಿ ಅಲ್ಲ. ಕೇಳೋದಿದ್ರೆ ನನ್ನನ್ನೇ ಕೇಳಿ" ಎಂದಳು ಅಕ್ಕ. ಮಾಲೀಕ ಕೆಮ್ಮಿ ಒಳಗೆ ಹೋದ. ಅವಳು ತಮ್ಮನ ಕಡೆ ತಿರುಗಿ, "ಅಂಗಡಿ ಎಲ್ಲಿದೆ ಹೇಳು. ಬೆಂಕಿಪೊಟ್ಟಣ ತರ್ತೀನಿ. ಯಾರಾದ್ರೂ ಹಿಂದೆ ಬಂದ್ರೆ ಕಾಲು ಮುರೀತೀನಿ" ಎಂದು ಹೊರಟಳು.

ಕೋಲಿಗೆ ಗೋಡೆ, ಗೇಟು. ಮತ್ತೆ ಗೋಡೆ, ಗೇಟು. ಅಚ್ಚು ಹಾಕಿ ತೆಗೆದಂತೆ ಎಲ್ಲ ಒಂದೇ ಅಳತೆ. ತಮ್ಮ ಹೇಳಿದಂತೆ ಒಂಬತ್ತನೇ ಗೇಟಿಗೆ ತಿರುಗಬೇಕಿತ್ತು. ಆರನೆಯದರ ಹತ್ತಿರ ಯಾರೋ ಪುಣ್ಯಾತ್ಮ ಗೋಡೆಗೆ ಒತ್ತಿ ಕಾರು ನಿಲ್ಲಿಸಿದ್ದ. ಬಳಸಿಕೊಂಡು ನಡು ರಸ್ತೆಗೆ ಇಳಿದಳು. ಅಷ್ಟೇ! ಮರಳಿ ಗೋಡೆ ಸಿಗಲಿಲ್ಲ. ಹಿಟ್ಟಿನ ಗಿರಣಿ ಇರಲಿ, ಒಂದು ಕೆಮ್ಮಿನ ಸದ್ದೂ ಇಲ್ಲ. ಹಿಂದೆ ಯಾವುದು, ಮುಂದೆ ಯಾವುದು? ಮೂವತ್ತೇಳು ವರ್ಷ ಒಬ್ಬಳೇ ಓಡಾಡಿದವಳು ಹಾಡಹಗಲಲ್ಲಿ, ಅಗಲವಾದ ಖಾಲಿ ರಸ್ತೆಯಲ್ಲಿ ದಾರಿ ತಪ್ಪಿ ನಿಂತಳು. ಕೊನೆಗೆ ಒಂದು ಗೇಟು ತಾಗಿತು. ಚಿಲಕಕ್ಕಾಗಿ ಕೈ ಚಾಚಿದಳು.

"ನಿಲ್ಲಮ್ಮ, ಬಂದೆ" ಎಂದಿತು ಒಂದು ಹೆಣ್ಣು ದನಿ. ಚಪ್ಪಲಿಯ ಸದ್ದು ಬಂತು, ಹೋಯಿತು, ಮತ್ತೆ ಬಂತು. ಚಾಚಿದ ಅಂಗೈಗೆ ತಣ್ಣಗೆ ಒಂದು ನಾಣ್ಯ ಬಿತ್ತು. "ಬಿಸಿಲಲ್ಲಿ ಯಾಕೆ ಅಲೀತೀಯಮ್ಮ ಪಾಪ. ಹೋಗು, ಮುಂದಿನ ಮನೇಲೂ ಕೊಡ್ತಾರೆ."

ಅಕ್ಕನ ಮೈಯೆಲ್ಲ ಉರಿದುಹೋಯಿತು. ಇನ್ನೊಬ್ಬರ ಕೂಳಿಗೆ ಕೈಯೊಡ್ಡಬಾರದೆಂದು ಬೆರಳ ತುದಿಗಳೆಲ್ಲ ಸೀಳುವ ತನಕ ಬೆತ್ತ ಎಳೆದ ಕೈ ಅದು! ಬಾಯಿ ತೆಗೆಯುವಷ್ಟರಲ್ಲಿ ತಮ್ಮ ಹೆಂಡತಿಯೊಂದಿಗೆ ಓಡಿ ಬಂದ. ಅವನು ನಾಣ್ಯವನ್ನು ಕಂಡ. ಕಂಡನೆಂದು ಅವನ ಉಸಿರಿನಿಂದಲೇ ಅಕ್ಕನಿಗೆ ತಿಳಿಯಿತು.

"ತಗೋ" ಎಂದು ಅದನ್ನು ಅವನ ಅಂಗಿಯ ಜೇಬಿಗೆ ತುರುಕಿದಳು. "ನಿನ್ನ ಬಡಾವಣೆಯವರು ಕೊಟ್ಟಿದ್ದು."

"ಅಕ್ಕಾ, ಅವರಿಗೇನು ಗೊತ್ತು? ನೀನ್ಯಾಕೆ ಹೊರಗೆ ಬರ್ಬೇಕು? ದುಡಿದಿದ್ದು ಸಾಕು, ಇನ್ನು ಹಾಯಾಗಿ ಮನೇಲಿ ಕೂತಿರು. ನಾವೆಲ್ಲ ಇಲ್ವಾ?"

"ಕೂತಿರ್ಬೇಕಾ? ನಾನು ಕುರ್ಚಿಗೆ ಬೆತ್ತ ಹಾಕೋಳು ಕಣೋ, ಕುರ್ಚಿ ಅಲ್ಲ! ನೀನು ಹೋಗು ಈ ಊರಿಗೆ. ನಾನು ನನ್ನ ಗಿರಣಿ ಬೀದೀಲೇ ಇರ್ತೀನಿ, ಬೇಯಿಸ್ಕೊಂಡು ತಿಂತೀನಿ. ಸತ್ರೆ ಕಾಗದ ಹಾಕಿಸ್ತೀನಿ, ಬಾ!"

ಅದುವರೆಗೆ ಬಾಯಿಗೆ ಬೀಗ ಹಾಕಿಕೊಂಡಿದ್ದ ತಮ್ಮನ ಹೆಂಡತಿ ಆಗ ಸಿಡಿದಳು. ಅವಳ ಸಿಟ್ಟೂ ಕಡಿಮೆಯದಲ್ಲ. ಹನ್ನೆರಡು ವರ್ಷ ದಿಂಬಿನ ಮೇಲಿನ ಗಿರಣಿ ಹಿಟ್ಟು ಕೊಡವಿ ಕೊಡವಿ ಸಾಕಾಗಿ, ಈ ಮನೆಯ ಕನಸು ಕಂಡವಳು ಅವಳೇ. ಆದರೆ ಉಗಿದದ್ದು ಗಂಡನಿಗೆ.

"ನಾವೆಲ್ಲ ಅಂದ್ರೆ ಯಾರ್ರೀ? ನೀವು ಒಂಬತ್ತಕ್ಕೆ ಆಫೀಸಿಗೆ ಹೋಗ್ತೀರ. ಮಕ್ಕಳು ಸ್ಕೂಲಿಗೆ. ಆಮೇಲೆ ಇಡೀ ದಿನ ಇವರ ಕೋಲು ನಾನೇ ಆಗ್ಬೇಕು! ಕೆಲಸ ಇಲ್ದೆ ಇವರು ಮನೇಲಿ ಕೂತ್ರೆ ನನ್ನನ್ನ ಬದುಕೋಕೆ ಬಿಡ್ತಾರಾ?"

"ಬಿಡಲ್ಲ" ಎಂದಳು ಅಕ್ಕ ಖಡಾಖಂಡಿತವಾಗಿ.

"ನೋಡಿದ್ರಾ? ಅವರೇ ಹೇಳ್ತಿದ್ದಾರೆ! ನಂಗೆ ಈ ಮನೆ ಬೇಕಿತ್ತು, ಸುಳ್ಳು ಹೇಳಲ್ಲ. ಬಿಸಿಲು ಬೀಳೋ ಅಡುಗೆಮನೆ, ಎರಡು ಕಿಟಕಿ... ಆದ್ರೆ ಆ ಅಡುಗೆಮನೇಲಿ ಇವರ ಹತ್ರ ದಿನಾ ಬೈಸ್ಕೊಳ್ಳೋಕೆ ನನ್ನ ಕೈಲಾಗಲ್ಲ. ನಡೀರಿ, ಊರೊಳಗೆ ನೋಡೋಣ. ಗಿರಣಿ ಪಕ್ಕ ಮಾತ್ರ ಬೇಡ, ಕೈ ಮುಗೀತೀನಿ!" ಎಂದವಳ ದನಿ ಒಡೆಯಿತು. ಇವಳು ಅಳುತ್ತಿದ್ದಾಳೆಂದು ಅಕ್ಕನಿಗೆ ಗೊತ್ತಾಯಿತು. ಸಮಾಧಾನ ಹೇಳುವ ಅಭ್ಯಾಸ ಅವಳಿಗಿರಲಿಲ್ಲ. "ಕಿಟಕಿ ಇರೋ ಅಡುಗೆಮನೇನೇ ಹುಡುಕೋಣ, ನಡಿ" ಎಂದಷ್ಟೇ ಗೊಣಗಿದಳು.

ಊರೊಳಗೆ ಸುತ್ತಿ ಸುತ್ತಿ ಮೂವರ ಕಾಲೂ ಸೋತವು. ಬೇಕರಿಯ ಹಿಂದೆ ಒಂದು ಮನೆ ಸಿಕ್ಕಿತು. ಅಡುಗೆಮನೆಗೆ ಒಂದೇ ಕಿಟಕಿ, ಅದೂ ಬೇಕರಿಯ ಹೊಗೆಗೂಡಿನ ಕಡೆಗೆ. ತಮ್ಮನ ಹೆಂಡತಿ ಮುಖ ಸಿಂಡರಿಸಿಕೊಂಡೇ ಅಳತೆ ಹಾಕಿದಳು. ಅಕ್ಕ ಮೆಟ್ಟಿಲಿಳಿದಳು. ಬೆನ್ನಿಗೆ ಬ್ರೆಡ್ಡಿನ ಬಿಸಿ ವಾಸನೆ, ಬಲಕ್ಕೆ ಸೈಕಲ್ ರಿಪೇರಿಯವನ ಪಂಪು, ಮುಂದೆ ದರ್ಜಿಯ ಮಿಷನ್ನಿನ ಟಕಟಕ. ತಮ್ಮ ಮೊಣಕೈ ಹಿಡಿಯಲು ಬಂದ. ಕೋಲು ಅವನ ಕಾಲಿಗೆ ಚುರುಕ್ಕೆಂದಿತು.

"ಏನು ಬೇಕಮ್ಮ?" ಎಂದ ಅಂಗಡಿಯವನು. ಬೆಂಕಿಪೊಟ್ಟಣ ಎಂದಳು. "ಚಿಲ್ಲರೆ ಕೊಡ್ರೀ, ಬೆಳಿಗ್ಗೆಯಿಂದ ಎಲ್ಲರೂ ನೋಟೇ ಹಿಡ್ಕೊಂಡು ಬರ್ತಾರೆ" ಎಂದು ಅವನು ರೇಗಿದ. "ಅಂಗಡಿ ಇಟ್ಕೊಂಡು ಚಿಲ್ಲರೆ ಇಲ್ಲ ಅಂತೀರಲ್ಲ, ನಾಚಿಕೆ ಆಗಲ್ವಾ?" ಎಂದು ಅಕ್ಕನೂ ರೇಗಿದಳು. ಇಬ್ಬರೂ ಚೆನ್ನಾಗಿ ಜಗಳವಾಡಿದರು. ಆ ದಿನವೆಲ್ಲ ಅವಳಿಗೆ ಸಿಕ್ಕ ಮರ್ಯಾದೆ ಅದೊಂದೇ. ಬರುವ ದಾರಿಯಲ್ಲಿ ದರ್ಜಿಯಂಗಡಿಯ ಕುರ್ಚಿಯ ಮೇಲೆ ಕೈಯಾಡಿಸಿ, ಸೀಟು ಹರಿದಿದೆ, ಮುಂದಿನ ವಾರ ಬಂದು ಹೆಣೆದುಕೊಡುತ್ತೇನೆ ಎಂದೂ ಹೇಳಿ ಬಂದಳು.

ಮರಳುವ ಬಸ್ಸಿನಲ್ಲಿ ತಮ್ಮ ಅವಳ ಪಕ್ಕದಲ್ಲಿ ಕೂತ. ಅರ್ಧ ದಾರಿಯ ತನಕ ಗಂಟಲು ಸರಿ ಮಾಡಿಕೊಳ್ಳುತ್ತಲೇ ಇದ್ದ.

"ಅಕ್ಕಾ, ಎಲ್ಲ ಸರಿಹೋಯ್ತಲ್ಲ. ಇನ್ನೂ ಸಿಟ್ಟಾ? ಆ ಹೆಂಗಸು ಬೇಕಂತ ಮಾಡಿದ್ದಲ್ಲ."

"ಅವಳ ಮೇಲೆ ನಂಗೇನು ಸಿಟ್ಟು? ಪಾಪ, ಅವಳು ನನ್ನ ನೋಡಿದ್ದು ಇವತ್ತೇ" ಎಂದಳು ಅಕ್ಕ. ಬೆಂಕಿಪೊಟ್ಟಣವನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು. "ನೀನು ಹುಟ್ಟಿದಾಗಿಂದ ನೋಡ್ತಿದ್ದೀಯ."

ಊರು ಬರುವ ತನಕ ತಮ್ಮ ಆ ಪೊಟ್ಟಣವನ್ನು ಹಿಡಿದುಕೊಂಡೇ ಕೂತಿದ್ದ. ಬಸ್ಸಿಳಿದ ಮೇಲೆ ಗಿರಣಿಯ ಗಡಗಡ ಕೇಳಿಸುತ್ತಲೇ ಅಕ್ಕ ಕೋಲು ಊರಿಕೊಂಡು ಮುಂದೆ ನಡೆದಳು. ಅವನು ಅವಳ ಹಿಂದೆ ನಡೆದ.